ಅರೆತಲೆನೋವಿಗೆ ಮಾಲೀಶು, ಶಿರೋಧಾರೆ, ಸೂಜಿ, ಯೋಗ: ನಿಮಗೆ ನಿಜವಾಗಿ ಯಾವುದು ಉಪಯೋಗಕ್ಕೆ ಬಂತು?

ತುಂಗಾತೀರ · ಜನವರಿ 12, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಹೈಸ್ಕೂಲ್ ಟೀಚರ್. ವಯಸ್ಸು 38. ಅರೆತಲೆನೋವು ಅಂಟಿಕೊಂಡು 11 ವರ್ಷ ಆಯಿತು.

ನನ್ನದು ಹೀಗೆ. ಮೊದಲು ಒಂದೇ ಸಮ ಆಕಳಿಕೆ ಬರುತ್ತದೆ. ಕತ್ತಿನ ಎಡಗಡೆ ಬಿಗಿಯುತ್ತದೆ. ಒಂದೆರಡು ಗಂಟೆಯಲ್ಲಿ ಎಡಗಣ್ಣಿನ ಹಿಂದೆ ಸಿಡಿತ ಶುರು. ಆಮೇಲೆ ಬೆಳಕು ಬೇಡ, ಸದ್ದು ಬೇಡ, ಪಕ್ಕದ ಮನೆಯ ಒಗ್ಗರಣೆ ವಾಸನೆಯೂ ಬೇಡ. ವಾಂತಿಯಾದರೆ ಸ್ವಲ್ಪ ಹಗುರ. ಒಮ್ಮೆ ಬಂದರೆ ಒಂದೂವರೆ ದಿನ ಹಾಳು. ನರರೋಗ ತಜ್ಞರಿಗೆ ತೋರಿಸಿದ್ದೇನೆ. ಸ್ಕ್ಯಾನ್ ಆಗಿದೆ. ಮೈಗ್ರೇನ್ ಅಂತಲೇ ಹೇಳಿದ್ದಾರೆ. ನೋವು ಬರದ ಹಾಗೆ ತಡೆಯಲು ಪ್ರೊಪ್ರನಲಾಲ್ ಕೊಟ್ಟಿದ್ದರು. ಮೆಟ್ಟಿಲು ಹತ್ತಿದರೆ ತುಂಬಾ ಸುಸ್ತಾಗುತ್ತಿತ್ತು ಅಂತ ಆರು ತಿಂಗಳಿಗೆ ನಾನೇ ಬಿಟ್ಟೆ.

ಅಡುಗೆಮನೆ ಗೋಡೆಯ ಕ್ಯಾಲೆಂಡರ್‌ನಲ್ಲಿ ನೋವು ಬಂದ ದಿನಕ್ಕೆ ಕೆಂಪು ಸುತ್ತು ಹಾಕುತ್ತೇನೆ. ಡಿಸೆಂಬರ್‌ನಲ್ಲಿ 9 ಸುತ್ತು. ಮಗಳು ಎಣಿಸಿ ಹೇಳಿದಾಗ ತುಂಬಾ ಬೇಜಾರಾಯಿತು.

ಜನ ಹೇಳುವ ದಾರಿಗಳು ಬಹಳ. ಅತ್ತೆ ಎಣ್ಣೆ ತಟ್ಟಿಸಿಕೋ ಅನ್ನುತ್ತಾರೆ. ಸಹೋದ್ಯೋಗಿಯೊಬ್ಬರು ಹಣೆಗೆ ಎಣ್ಣೆ ಧಾರೆ ಬಿಡುವ ಶಿರೋಧಾರೆ, ಇನ್ನೊಬ್ಬರು ಸೂಜಿ ಚುಚ್ಚುವ ಆಕ್ಯುಪಂಕ್ಚರ್. ಎಲ್ಲವನ್ನೂ ಮಾಡಿಸಲು ಸಂಬಳವೂ ಸಾಲದು, ರಜೆಯೂ ಸಾಲದು. ಮಾಡಿಸಿಕೊಂಡವರು ದಯವಿಟ್ಟು ಹೇಳಿ. ಯಾವುದರಿಂದ ನೋವಿನ ದಿನ ಕಡಿಮೆಯಾಯಿತು? ಯಾವುದು ಆ ಹೊತ್ತಿಗೆ ಹಿತವಾಯಿತು, ಅಷ್ಟೇ? ಯಾವುದರಿಂದ ತೊಂದರೆಯಾಯಿತು?

ಕಾಫಿತೋಟ · ಜನವರಿ 12, ರಾತ್ರಿ 10:15

ಅಕ್ಕಾ, ನಿಮ್ಮದು ಓದಿ ನಮ್ಮಮ್ಮನೇ ಕಣ್ಣ ಮುಂದೆ ಬಂದರು. ಸಕಲೇಶಪುರದ ಕಡೆ ನಮ್ಮ ಮನೆ. ಅಮ್ಮನಿಗೆ ಬಿಸಿಲಲ್ಲಿ ಕಣ ನೋಡಿಕೊಂಡು ಬಂದ ದಿನ ತಲೆನೋವು ಗ್ಯಾರಂಟಿ. ಅಜ್ಜಿ ಒಣಶುಂಠಿ ತೇಯ್ದು ಹಣೆಗೆ ಪಟ್ಟು ಹಾಕುತ್ತಿದ್ದರು. ಹಳೇ ಪಂಚೆ ಹರಿದು ಹಣೆ ಸುತ್ತ ಬಿಗಿಯಾಗಿ ಕಟ್ಟುತ್ತಿದ್ದರು. ಕತ್ತಲೆ ಕೋಣೆ, ಮೇಲೊಂದು ಕಂಬಳಿ. ಯಾರೂ ಮಾತಾಡಿಸಬಾರದು.

ಈಗ ನನಗೂ ಬರುತ್ತದೆ. ಬಟ್ಟೆ ಕಟ್ಟಿದರೆ ಕಟ್ಟಿದಷ್ಟು ಹೊತ್ತು ಸಿಡಿತ ಕಡಿಮೆ ಅನಿಸುತ್ತದೆ. ಬಿಚ್ಚಿದರೆ ಮತ್ತೆ ಬರುತ್ತದೆ. ಶುಂಠಿ ಪಟ್ಟು ಜಾಸ್ತಿ ಹೊತ್ತು ಬಿಟ್ಟರೆ ಚರ್ಮ ಸುಡುತ್ತದೆ. ನನಗೆ ಒಮ್ಮೆ ಹಣೆ ಕೆಂಪಾಗಿ ಸಿಪ್ಪೆ ಎದ್ದಿತ್ತು. ಹತ್ತು ನಿಮಿಷ ಸಾಕು.

ಇನ್ನೊಂದು, ತುಂಬೆ ಸೊಪ್ಪಿನ ರಸ ಮೂಗಿಗೆ ಬಿಡುವುದು. ನಮ್ಮ ಕಡೆ ಈಗಲೂ ಮಾಡುತ್ತಾರೆ. ನಾನು ಮಾಡಿಸಿಕೊಂಡೆ. ಉರಿ ತಡೆಯಲಾಗದೆ ಅತ್ತುಬಿಟ್ಟೆ. ನೋವು ಮಾತ್ರ ಇದ್ದಲ್ಲೇ ಇತ್ತು. ಇದನ್ನು ಯಾರಿಗೂ ಹೇಳಲಾರೆ.

ರಾತ್ರಿಪಾಳಿ · ಜನವರಿ 13, ಬೆಳಿಗ್ಗೆ 7:05

ಮೈಸೂರಿನಲ್ಲಿ ನರ್ಸ್ ಆಗಿ 17 ವರ್ಷ ಆಯಿತು. ಈಗಷ್ಟೇ ಡ್ಯೂಟಿ ಮುಗಿಸಿ ಬಂದೆ. ತುಂಗಾತೀರ ಅವರೇ, ನೋವಿನ ದಿನ 9 ಅಂದಿರಿ. ಮಾತ್ರೆ ನುಂಗಿದ ದಿನ ಎಷ್ಟು? ಅದನ್ನೂ ಎಣಿಸಿದ್ದೀರಾ?

ಇದು ಯಾಕೆ ಮುಖ್ಯ ಅಂದರೆ, ನೋವಿನ ಮಾತ್ರೆಯೇ ಜಾಸ್ತಿಯಾಗಿ ತಲೆನೋವು ತರುವುದುಂಟು. ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಥರದ್ದು ತಿಂಗಳಿಗೆ 15 ದಿನ ಮುಟ್ಟಬಾರದು. ಮೈಗ್ರೇನ್‌ಗೆಂದೇ ಕೊಡುವ ಟ್ರಿಪ್ಟಾನ್ ಅಥವಾ ಎರಡು ಮೂರು ಔಷಧಿ ಸೇರಿಸಿದ ಮಾತ್ರೆ ಆದರೆ 10 ದಿನವೇ ಗಡಿ. ಮೂರು ತಿಂಗಳಿಗಿಂತ ಜಾಸ್ತಿ ಹೀಗೇ ನಡೆದರೆ ಮಾತ್ರೆ ಇಳಿಯುತ್ತಿದ್ದ ಹಾಗೆ ತಲೆ ನೋಯುತ್ತದೆ. ಮತ್ತೆ ಮಾತ್ರೆ, ಮತ್ತೆ ನೋವು. ಆಗ ಯಾವ ಮಾಲೀಶು ಮಾಡಿಸಿದರೂ ಗುಣ ಕಾಣುವುದಿಲ್ಲ. ಎಣ್ಣೆಯ ತಪ್ಪಲ್ಲ ಅದು.

ತುಂಗಾತೀರ · ಜನವರಿ 13, ಮಧ್ಯಾಹ್ನ 1:20

ಎಣಿಸಿದೆ ಸಿಸ್ಟರ್. 12 ದಿನ. ಬರಬಹುದು ಅನ್ನೋ ಭಯಕ್ಕೇ ನುಂಗಿದ್ದು ಮೂರು ದಿನ. ಮೆಡಿಕಲ್ ಶಾಪಿನವರು ಕೊಡುವ ಮಾತ್ರೆಯಲ್ಲಿ ಮೂರು ಔಷಧಿ ಇದೆ ಅಂತ ಇವತ್ತು ಸ್ಟ್ರಿಪ್ ತಿರುಗಿಸಿ ಓದಿದ ಮೇಲೇ ಗೊತ್ತಾಯಿತು.

ರಾತ್ರಿಪಾಳಿ · ಜನವರಿ 13, ಸಂಜೆ 5:30

ಹಾಗಾದರೆ ಮೊದಲ ಕೆಲಸ ಅದು. ಕ್ಯಾಲೆಂಡರ್‌ನಲ್ಲಿ ಮಾತ್ರೆ ದಿನಕ್ಕೆ ಬೇರೆ ಬಣ್ಣ ಹಾಕಿ. ಅದನ್ನು ಹಿಡಿದುಕೊಂಡು ಮತ್ತೆ ಡಾಕ್ಟರ ಹತ್ತಿರ ಹೋಗಿ. ಪ್ರೊಪ್ರನಲಾಲ್ ಒಗ್ಗದಿದ್ದರೆ ಬೇರೆ ತಡೆ ಮಾತ್ರೆಗಳಿವೆ. ಸುಸ್ತಾಯಿತು ಅಂತ ಅವರಿಗೆ ಹೇಳಲೇ ಇಲ್ಲ ಅಲ್ವಾ? ಹೇಳಿ. ಸಂಕೋಚ ಬೇಡ.

ಹುಬ್ಬಳ್ಳಿ ಫಿಸಿಯೊ · ಜನವರಿ 13, ರಾತ್ರಿ 9:10

ನಾನು ಫಿಸಿಯೊಥೆರಪಿಸ್ಟ್. ದಿನಾ ಕತ್ತು, ಹೆಗಲು ನೋಡುವುದೇ ಕೆಲಸ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಟೀಚರ್ ಅವರು "ಮೊದಲು ಆಕಳಿಕೆ, ಆಮೇಲೆ ಕತ್ತು ಬಿಗಿತ" ಅಂತ ಬರೆದಿದ್ದಾರೆ. ನನ್ನ ಹತ್ತಿರ ಬರುವ ಹತ್ತರಲ್ಲಿ ಏಳೆಂಟು ಜನ ಇದನ್ನು ತಿರುವು ಮುರುವಾಗಿ ಹೇಳುತ್ತಾರೆ. "ಸರ್, ಕತ್ತು ಹಿಡಿದುಕೊಂಡು ಮೈಗ್ರೇನ್ ಬರುತ್ತದೆ, ಕತ್ತು ಸರಿ ಮಾಡಿ." ಎಷ್ಟೋ ಸಲ ಕತ್ತು ಬಿಗಿಯುವ ಹೊತ್ತಿಗೆ ಮೈಗ್ರೇನ್ ಆಗಲೇ ಶುರುವಾಗಿರುತ್ತದೆ. ಆಕಳಿಕೆ, ಕತ್ತು ಬಿಗಿತ, ಸಿಹಿ ತಿನ್ನಬೇಕು ಅನಿಸುವುದು ಎಲ್ಲವೂ ಅದರ ಮುನ್ಸೂಚನೆ. ಆ ಹೊತ್ತಲ್ಲಿ ಹೋಗಿ ಕತ್ತನ್ನು ಗಟ್ಟಿಯಾಗಿ ತಿಕ್ಕಿಸಿಕೊಂಡರೆ ನೋವು ಇನ್ನೂ ಕೆರಳಬಹುದು.

ಕತ್ತಿಗೂ ಕಣ್ಣಿಗೂ ಏನು ಸಂಬಂಧ ಅಂತ ಎಲ್ಲರೂ ಕೇಳುತ್ತಾರೆ. ಹಣೆ, ಕಣ್ಣಿನ ಸುತ್ತ ಆಗುವ ನೋವಿನ ಸುದ್ದಿ ಹೊರುವುದು ಟ್ರೈಜೆಮಿನಲ್ ನರ. ಹಿಂದಲೆ ಮತ್ತು ಕತ್ತಿನ ಸುದ್ದಿ ಹೊರುವುದು ಕತ್ತಿನ ಮೇಲಿನ ಮೂರು ಜೊತೆ ನರಗಳು. ಇವೆರಡೂ ಮೆದುಳಿನ ಕೆಳಗೆ ಒಂದೇ ಜಾಗಕ್ಕೆ ಬಂದು ಸೇರುತ್ತವೆ. ಎರಡು ಹಳ್ಳದ ನೀರು ಒಂದೇ ಕೆರೆಗೆ ಬಂದ ಹಾಗೆ. ಯಾವ ಹಳ್ಳದ್ದು ಅಂತ ಮೆದುಳಿಗೆ ಬೇರೆ ಮಾಡಲು ಆಗುವುದಿಲ್ಲ. ಅದಕ್ಕೇ ಕತ್ತಿನ ಕೀಲಿನ ತೊಂದರೆ ಕಣ್ಣಿನ ಹಿಂದೆ ನೋಯುತ್ತದೆ, ಮೈಗ್ರೇನ್ ಕತ್ತಿನಲ್ಲಿ ನೋಯುತ್ತದೆ.

ನಿಜವಾಗಿ ಕತ್ತಿನಿಂದಲೇ ಬರುವ ತಲೆನೋವು ಬೇರೆ ಇದೆ. ಅದು ಕತ್ತು ತಿರುಗಿಸಿದರೆ ಜಾಸ್ತಿಯಾಗುತ್ತದೆ. ಒಂದೇ ಕಡೆ ಇರುತ್ತದೆ, ಕತ್ತು ಆ ಕಡೆ ಪೂರ್ತಿ ತಿರುಗುವುದಿಲ್ಲ. ಇದಕ್ಕೆ ಕೈಚಿಕಿತ್ಸೆ ಮತ್ತು ವ್ಯಾಯಾಮ ಚೆನ್ನಾಗಿ ಹಿಡಿಯುತ್ತದೆ. 2002ರಲ್ಲಿ ಆಸ್ಟ್ರೇಲಿಯಾದಲ್ಲಿ ಇಂಥ 200 ಜನರ ಮೇಲೆ ನಡೆದ ಅಧ್ಯಯನದಲ್ಲಿ ಕೈಚಿಕಿತ್ಸೆಯೂ ಗುಣ ಕೊಟ್ಟಿತು, ಕತ್ತಿನ ಒಳಸ್ನಾಯುಗಳ ವ್ಯಾಯಾಮವೂ ಗುಣ ಕೊಟ್ಟಿತು. ಒಂದು ವರ್ಷದ ಮೇಲೂ ಆ ಗುಣ ಉಳಿದಿತ್ತು.

ಮನೆಯಲ್ಲಿ ಮಾಡುವುದಾದರೆ ಎರಡು ಸಾಕು. ಒಂದು, ನೇರ ಕೂತು ಗದ್ದವನ್ನು ಹಿಂದಕ್ಕೆ ಎಳೆದುಕೊಳ್ಳಿ, ತಲೆ ಬಗ್ಗಿಸಬೇಡಿ. ಐದು ಎಣಿಸಿ ಬಿಡಿ. ಹತ್ತು ಸಲ. ಎರಡು, ಕಾಲುಚೀಲದೊಳಗೆ ಎರಡು ಟೆನಿಸ್ ಚೆಂಡು ಹಾಕಿ ಗಂಟು ಕಟ್ಟಿ. ಅಂಗಾತ ಮಲಗಿ ಬುರುಡೆಯ ಬುಡಕ್ಕೆ ಇಟ್ಟುಕೊಳ್ಳಿ. ಐದು ನಿಮಿಷ ಸುಮ್ನೆ ಮಲಗಿ, ತಲೆಯ ಭಾರವೇ ಒತ್ತುತ್ತದೆ. ಇವೆರಡೂ ನೋವಿಲ್ಲದ ದಿನ ಮಾಡುವ ಕೆಲಸ. ನೋವು ಏರಿದಾಗ ಅಲ್ಲ.

ಇನ್ನೊಂದು ವಿಷಯಕ್ಕೆ ಕೈಮುಗಿದು ಕೇಳುತ್ತೇನೆ. ಯಾರ ಕೈಯಲ್ಲೂ ಕತ್ತನ್ನು ಗಕ್ಕನೆ ತಿರುಗಿಸಿ ನೆಟಿಗೆ ಮುರಿಸಿಕೊಳ್ಳಬೇಡಿ. ಕತ್ತಿನ ಮೂಳೆಗಳ ತೂತಿನೊಳಗೇ ಮೆದುಳಿಗೆ ರಕ್ತ ಒಯ್ಯುವ ನಾಳ ಹಾದು ಹೋಗುತ್ತದೆ. ಆ ತಿರುಚಿಗೆ ನಾಳದ ಒಳಪದರ ಹರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು. ಅಪರೂಪ, ಆದರೆ ಆದವರಿಗೆ ಜೀವನವೇ ಬದಲಾಗುತ್ತದೆ. ಮೈಗ್ರೇನ್‌ಗೆ ಅದರಿಂದ ಲಾಭವಾದರೂ ಇದೆಯಾ ಅಂದರೆ, ನಾರ್ವೆಯಲ್ಲಿ 104 ಜನರ ಮೇಲೆ ಪರೀಕ್ಷಿಸಿದರು. ನಿಜವಾದ ನೆಟಿಗೆಗೂ ಸುಮ್ಮನೆ ನಟಿಸಿದ ನೆಟಿಗೆಗೂ ಸಿಕ್ಕ ಗುಣ ಒಂದೇ ಆಗಿತ್ತು.

ವೈಟ್‌ಫೀಲ್ಡ್ ವಾಸಿ · ಜನವರಿ 13, ರಾತ್ರಿ 11:48

ಫಿಸಿಯೊ ಸರ್ ಹೇಳಿದ್ದು ನನಗೇ ಆಗಿದೆ. ಅದೃಷ್ಟಕ್ಕೆ ಸಣ್ಣದರಲ್ಲಿ ಹೋಯಿತು.

ಕಟಿಂಗ್ ಆದ ಮೇಲೆ ತಲೆ ಮಸಾಜ್, ಕೊನೆಗೆ ಕತ್ತು ಎಡಕ್ಕೊಂದು ಬಲಕ್ಕೊಂದು ಲಟಕ್. ವರ್ಷಗಳಿಂದ ಮಾಡಿಸುತ್ತಿದ್ದೆ. ಎರಡು ವರ್ಷದ ಹಿಂದೆ ಒಂದು ಭಾನುವಾರ ಹಾಗೆ ಮಾಡಿಸಿಕೊಂಡು ಎದ್ದೆ. ನೆಲ ತಿರುಗಿದ ಹಾಗಾಯಿತು. ಕತ್ತಿನ ಬಲಗಡೆ ಯಾವತ್ತೂ ಇಲ್ಲದ ನೋವು. ಎರಡೆರಡು ಕಾಣಿಸಿತು. ಹೆಂಡತಿ ಹಟ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ನಾಳದಲ್ಲಿ ಸಣ್ಣ ಸೀಳು. ಮೂರು ತಿಂಗಳು ರಕ್ತ ತೆಳುವಾಗಿಸುವ ಮಾತ್ರೆ. ಈಗ ಚೆನ್ನಾಗಿದ್ದೇನೆ. ಕಟಿಂಗ್ ಮಾಡುವ ಆ ಹುಡುಗನ ತಪ್ಪು ಅನ್ನಲಾರೆ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ಹೋಗಿ ಎಲ್ಲಾ ವಿವರಿಸಿದೆ. ಈಗ ಅವನು ಯಾರಿಗೂ ಕತ್ತು ಮುರಿಯುವುದಿಲ್ಲ.

2024ರಲ್ಲಿ ಬೆಂಗಳೂರಿನಲ್ಲೇ ಒಬ್ಬರಿಗೆ ಹೀಗೇ ಪಾರ್ಶ್ವವಾಯು ಆದ ಸುದ್ದಿ ಪೇಪರ್‌ಗಳಲ್ಲಿ ಬಂದಿತ್ತು. ಓದಿದಾಗ ಕೈ ನಡುಗಿತು.

ನನಗೆ ಮೈಗ್ರೇನ್ ಕಡಿಮೆಯಾದದ್ದು ಯೋಗದಿಂದ. ದೆಹಲಿಯ ಸರ್ಕಾರಿ ಆಸ್ಪತ್ರೆ ಏಮ್ಸ್‌ನವರು 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಒಂದು ಗುಂಪಿಗೆ ಬರೀ ಔಷಧಿ, ಇನ್ನೊಂದಕ್ಕೆ ಔಷಧಿ ಜೊತೆ ಯೋಗ. ಮೂರು ತಿಂಗಳು. 114 ಜನ ಪೂರ್ತಿ ಮಾಡಿದರು. ಬರೀ ಔಷಧಿಯವರಿಗೆ ತಿಂಗಳ ತಲೆನೋವು 7.7ರಿಂದ 6.8ಕ್ಕೆ ಇಳಿಯಿತು. ಯೋಗ ಸೇರಿಸಿದವರಿಗೆ 9.1ರಿಂದ 4.7ಕ್ಕೆ. ಅವರು ಔಷಧಿ ಬಿಟ್ಟು ಯೋಗ ಮಾಡಲಿಲ್ಲ, ಜೊತೆಗೆ ಮಾಡಿದರು. ವಾಟ್ಸಾಪ್‌ನಲ್ಲಿ ಓಡಾಡುವಾಗ ಈ ಮಾತು ಮಾತ್ರ ಬಿದ್ದುಹೋಗುತ್ತದೆ.

ನಾನು ಮಾಡುವುದು ಸಣ್ಣದು. ಕತ್ತು ಹೆಗಲು ಸಡಿಲಿಸುವ ಚಲನೆ, ನಿಧಾನ ಉಸಿರು, ಕೊನೆಗೆ ಹತ್ತು ನಿಮಿಷ ಶವಾಸನ. ಶೀರ್ಷಾಸನ ಮಾಡುವುದಿಲ್ಲ.

ಪಾಟೀಲ ಮಾಸ್ತರ · ಜನವರಿ 14, ಬೆಳಿಗ್ಗೆ 6:30

ಇದನ್ನೆಲ್ಲ ಓದಿದೆ. ಹೇಳುವುದು ಸ್ವಲ್ಪ ಕಠಿಣ ಅನಿಸಬಹುದು, ಕ್ಷಮಿಸಿ. ನನ್ನ ತಮ್ಮ ಆಕ್ಯುಪಂಕ್ಚರಿಗೆ ಹತ್ತು ವಾರ ಹೋದ. ದುಡ್ಡು ಹೋಯಿತು. ಎರಡು ತಿಂಗಳು ಆರಾಮ ಇದ್ದ, ಮತ್ತೆ ಮೊದಲಿನ ಹಾಗೇ ಆಯಿತು. ಇವೆಲ್ಲ ಮನಸ್ಸಿನ ಸಮಾಧಾನ ಅಷ್ಟೇ ಅಂತ ನನ್ನ ಅಭಿಪ್ರಾಯ.

ಹುಬ್ಬಳ್ಳಿ ಫಿಸಿಯೊ · ಜನವರಿ 14, ಬೆಳಿಗ್ಗೆ 8:02

ಮಾಸ್ತರೇ, ನಿಮ್ಮ ಮಾತಲ್ಲಿ ಅರ್ಧ ಸತ್ಯ ಇದೆ. ಅದನ್ನು ಮುಚ್ಚಿಡಬಾರದು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2016ರಲ್ಲಿ ಆಕ್ಯುಪಂಕ್ಚರಿನ 22 ಅಧ್ಯಯನ ಸೇರಿಸಿ ಲೆಕ್ಕ ಹಾಕಿತು. ಸುಮಾರು 5000 ಜನ. ತಿಂಗಳಿಗೆ 6 ದಿನ ಮೈಗ್ರೇನ್ ಇದ್ದವರಿಗೆ ಮಾಮೂಲಿ ಆರೈಕೆಯಲ್ಲಿ 5 ದಿನಕ್ಕೆ ಇಳಿಯುತ್ತದೆ. ಸುಳ್ಳು ಸೂಜಿ ಚುಚ್ಚಿದರೆ 4 ದಿನ. ತಡೆ ಮಾತ್ರೆಯಲ್ಲೂ 4 ದಿನ. ನಿಜವಾದ ಸೂಜಿಯಲ್ಲಿ ಮೂರೂವರೆ.

ಅಂದರೆ ಗುಣದ ದೊಡ್ಡ ಪಾಲು ಸೂಜಿ ಎಲ್ಲಿ ಚುಚ್ಚಿದರು ಅನ್ನುವುದರಿಂದ ಬಂದದ್ದಲ್ಲ. ಆದರೆ ಆ ಇಳಿದ ದಿನಗಳು ಸುಳ್ಳಲ್ಲ. ಅರ್ಧ ಗಂಟೆ ಮಲಗಿಸಿ, ನಿಮ್ಮ ನೋವು ಹೇಗಿದೆ ಅಂತ ಒಬ್ಬರು ತಾಳ್ಮೆಯಿಂದ ಕೇಳುತ್ತಾರೆ. ಮೈ ಮೇಲೆ ಕೈಯಿಟ್ಟು ನೋಡುತ್ತಾರೆ. ನರಗಳ ಉದ್ವೇಗ ಇಳಿಯಲು ಅದೂ ಕಾರಣ. ಸಮಾಧಾನ ಸಣ್ಣ ವಿಷಯ ಅಂತ ನನಗೆ ಅನಿಸುವುದಿಲ್ಲ. ದುಡ್ಡಿನ ವಿಷಯ ಒಪ್ಪುತ್ತೇನೆ. ಆರೆಂಟು ಸಲಕ್ಕೆ ಕ್ಯಾಲೆಂಡರ್‌ನಲ್ಲಿ ಏನೂ ಬದಲಾಗದಿದ್ದರೆ ನಿಲ್ಲಿಸಬೇಕು. ಒಂದು ಸಲಕ್ಕೆ ಮಾತ್ರ ಬಳಸಿ ಬಿಸಾಡುವ ಸೂಜಿಯೇ ಇರಬೇಕು.

ಎಲ್ಬೆತೀರದ ಕನ್ನಡತಿ · ಜನವರಿ 14, ಮಧ್ಯಾಹ್ನ 2:30

ಜರ್ಮನಿಯ ಹ್ಯಾಂಬರ್ಗ್‌ನಿಂದ ನಮಸ್ಕಾರ. ಇಲ್ಲಿಯ ಸರ್ಕಾರಿ ಆರೋಗ್ಯ ವಿಮೆ 2007ರಿಂದ ಆಕ್ಯುಪಂಕ್ಚರ್ ಖರ್ಚು ಕೊಡುತ್ತದೆ. ಆದರೆ ಹಳೆಯ ಸೊಂಟನೋವು ಮತ್ತು ಮಂಡಿ ಸವೆತಕ್ಕೆ ಮಾತ್ರ. ತಲೆನೋವಿಗೆ ಇಲ್ಲ. ನಾನು ಕೈಯಿಂದ ಕಟ್ಟಬೇಕಾಯಿತು.

ಇಲ್ಲಿ ಎಲ್ಲ ಔಷಧಿ ಅಂಗಡಿಯಲ್ಲೂ ಪುದೀನ ಜಾತಿಯ ಪೆಪ್ಪರ್‌ಮಿಂಟ್ ಎಣ್ಣೆ ಸಿಗುತ್ತದೆ. ಹಣೆಗೂ ಪಕ್ಕಕ್ಕೂ ಹಚ್ಚುವುದು. ಶೇಕಡಾ 10ರ ದ್ರಾವಣ. ಒತ್ತಡದಿಂದ ಬರುವ ತಲೆನೋವಿಗೆ, ಅಂದರೆ ಪಟ್ಟಿ ಕಟ್ಟಿ ಬಿಗಿದ ಹಾಗೆ ಆಗುತ್ತದಲ್ಲ, ಅದಕ್ಕೆ 1990ರ ದಶಕದಲ್ಲೇ ಇಲ್ಲಿ ಪರೀಕ್ಷೆ ಮಾಡಿದ್ದಾರೆ. ನನಗೆ ಹಚ್ಚಿದಾಗಲೆಲ್ಲ ಅಮ್ಮ ಅಮೃತಾಂಜನ ಹಚ್ಚುತ್ತಿದ್ದ ರಾತ್ರಿ ನೆನಪಾಗುತ್ತದೆ. ಅದು 1893ರಿಂದ ನಮ್ಮ ಮನೆಗಳಲ್ಲಿದೆ. ಅದರಲ್ಲೂ ಮೆಂತಾಲ್ ಇದೆ. ಆ ತಂಪು ಅದರದ್ದೇ. ಆದರೆ ನಿಜವಾದ ಮೈಗ್ರೇನ್ ಏರಿದಾಗ ಆ ವಾಸನೆಗೇ ಹೊಟ್ಟೆ ತೊಳಸುತ್ತದೆ. ಪುಟ್ಟ ಮಕ್ಕಳ ಮುಖಕ್ಕೆ, ಮೂಗಿನ ಹತ್ತಿರಕ್ಕೆ ಹಚ್ಚಲೇಬೇಡಿ. ಉಸಿರು ಕಟ್ಟುವ ಅಪಾಯ ಇದೆ.

ಮೂರು ಗಂಟೆ ರಾತ್ರಿ · ಜನವರಿ 15, ರಾತ್ರಿ 3:40

ಇಷ್ಟು ಓದಿ ಒಂದು ಮಾತು ಬರೆಯಲೇಬೇಕು ಅನಿಸಿತು. ನನ್ನದು ಮೈಗ್ರೇನ್ ಅಲ್ಲ, ಕ್ಲಸ್ಟರ್ ತಲೆನೋವು. ವರ್ಷಕ್ಕೊಮ್ಮೆ ಒಂದೂವರೆ ಎರಡು ತಿಂಗಳು ದಿನಾ ರಾತ್ರಿ ಒಂದೇ ಹೊತ್ತಿಗೆ ಎಬ್ಬಿಸುತ್ತದೆ. ಬಲಗಣ್ಣು ಕೆಂಪಾಗಿ ನೀರು ಸುರಿಯುತ್ತದೆ. ಮೂಗಿನ ಆ ಹೊಳ್ಳೆ ಕಟ್ಟುತ್ತದೆ. ಮಲಗಲು ಆಗುವುದಿಲ್ಲ. ಮನೆ ತುಂಬಾ ಓಡಾಡುತ್ತೇನೆ. ಗೋಡೆಗೆ ತಲೆ ಚಚ್ಚಿಕೊಂಡದ್ದೂ ಇದೆ.

ನಾಲ್ಕು ವರ್ಷ ಇದನ್ನು ಎಲ್ಲರೂ ಸೈನಸ್ ಅಂದರು, ಮೈಗ್ರೇನ್ ಅಂದರು. ಮೂಗಿಗೆ ಔಷಧಿ ಬಿಡುವ ನಸ್ಯ, ಮಸಾಜ್, ಆಕ್ಯುಪ್ರೆಶರ್ ಎಲ್ಲಾ ಆಯಿತು. ಯಾವುದೂ ಮುಟ್ಟಲಿಲ್ಲ. ಕೊನೆಗೆ ಒಬ್ಬ ಡಾಕ್ಟರ್ ನಾನು ಓಡಾಡುವ ಬಗೆ ಕೇಳಿಯೇ ಗುರುತಿಸಿದರು. ಸಿಲಿಂಡರ್‌ನಿಂದ ಶುದ್ಧ ಆಮ್ಲಜನಕ, ಚೀಲ ಇರುವ ಮಾಸ್ಕ್, ನಿಮಿಷಕ್ಕೆ 12 ಲೀಟರ್, 15 ನಿಮಿಷ. ಮೊದಲ ಸಲ ನೋವು ಇಳಿದಾಗ ಜೋರಾಗಿ ಅತ್ತೆ. ಇಂಥ ನೋವು ಇರುವವರು ಎಣ್ಣೆ ಮಾಲೀಶಿನಲ್ಲಿ ವರ್ಷ ಕಳೆಯಬೇಡಿ. ಸಿಲಿಂಡರ್ ಹತ್ತಿರ ಬೀಡಿ, ಸಿಗರೇಟು, ದೀಪ ಯಾವುದೂ ಇರಬಾರದು.

ಕಾಫಿತೋಟ · ಜನವರಿ 15, ಬೆಳಿಗ್ಗೆ 7:12

ಅಣ್ಣಾ, ಓದುತ್ತಿದ್ದ ಹಾಗೇ ಕಣ್ಣು ತುಂಬಿತು. ಬರೆದದ್ದಕ್ಕೆ ಧನ್ಯವಾದ.

ಉಡುಪಿ ವೈದ್ಯೆ · ಜನವರಿ 15, ರಾತ್ರಿ 8:45

ನಾನು ಆಯುರ್ವೇದ ಪದವೀಧರೆ. ಶಿರೋಧಾರೆ ಬಗ್ಗೆ ಕೇಳಿದ್ದರಿಂದ, ನಸ್ಯದ ಮಾತೂ ಬಂದದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಶಾಸ್ತ್ರದಲ್ಲಿ ಅರೆತಲೆನೋವನ್ನು ಅರ್ಧಾವಭೇದಕ ಅನ್ನುತ್ತೇವೆ. ಸೂರ್ಯ ಏರಿದ ಹಾಗೆ ಏರಿ, ಇಳಿದ ಹಾಗೆ ಇಳಿಯುವುದು ಸೂರ್ಯಾವರ್ತ. ಎರಡಕ್ಕೂ ನಸ್ಯ ಹೇಳಿದೆ. ಸರಿಯಾಗಿ ಮಾಡಿದ ನಸ್ಯಕ್ಕೂ ಯಾವುದೋ ಸೊಪ್ಪಿನ ರಸ ಸುರಿಯುವುದಕ್ಕೂ ತುಂಬಾ ವ್ಯತ್ಯಾಸ. ಮೊದಲು ಮುಖ, ಹಣೆಗೆ ಎಣ್ಣೆ ಹಚ್ಚಿ ಮೃದುವಾಗಿ ಉಜ್ಜುತ್ತೇವೆ. ಹದವಾದ ಬಿಸಿ ಕೊಡುತ್ತೇವೆ. ತಲೆ ಸ್ವಲ್ಪ ಹಿಂದಕ್ಕೆ ವಾಲಿಸಿ ಉಗುರುಬೆಚ್ಚಗಿನ ಅಣು ತೈಲದ ಕೆಲವೇ ಹನಿ. ಗಂಟಲಿಗೆ ಇಳಿದದ್ದನ್ನು ಉಗುಳಬೇಕು. ಊಟ ಆದ ತಕ್ಷಣ, ನೆಗಡಿ ಜ್ವರ ಇದ್ದಾಗ, ಬಸುರಿಯಿದ್ದಾಗ ಮಾಡುವುದಿಲ್ಲ.

ಶಿರೋಧಾರೆ ಅಂದರೆ ಹಣೆಯ ಮೇಲೆ ಅರ್ಧ ಮುಕ್ಕಾಲು ಗಂಟೆ ಒಂದೇ ಹದದಲ್ಲಿ ಧಾರೆ ಬೀಳಿಸುವುದು. ಎಣ್ಣೆಯಲ್ಲೂ ಮಾಡುತ್ತಾರೆ, ಔಷಧಿ ಹಾಕಿದ ಮಜ್ಜಿಗೆಯಲ್ಲೂ ಮಾಡುತ್ತಾರೆ. ನನ್ನ ಅನುಭವದಲ್ಲಿ ನಿದ್ದೆ ಕೆಟ್ಟು, ಚಿಂತೆ ಹತ್ತಿ ತಲೆನೋವು ಹೆಚ್ಚಾದವರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಮೊದಲ ಬದಲಾವಣೆ ನಿದ್ದೆಯಲ್ಲಿ ಕಾಣುತ್ತದೆ. ನೋವು ಏರಿದ ದಿನ ಮಾಡಿಸಬೇಡಿ. ಒಂದು ದಿನದ ಪ್ಯಾಕೇಜ್ ಅಂತ ಪ್ರವಾಸಿ ಜಾಗದಲ್ಲಿ ಮಾಡಿಸಿ ಗುಣವಾಗಲಿಲ್ಲ ಅನ್ನುವವರು ಬಹಳ. ಏಳು ದಿನವಾದರೂ ಬೇಕು. ಅಷ್ಟು ರಜೆ, ದುಡ್ಡು ಇಲ್ಲದವರು ಕೊರಗಬೇಕಾಗಿಲ್ಲ. ರಾತ್ರಿ ಅಂಗಾಲಿಗೆ ಎಣ್ಣೆ ತಿಕ್ಕಿ ಬೇಗ ಮಲಗಿ. ನಿದ್ದೆಗೆ ಇದು ನನ್ನ ಮೊದಲ ಸಲಹೆ.

ಹೊಟ್ಟೆಗೆ ತೆಗೆದುಕೊಳ್ಳುವ ಔಷಧಿಯಲ್ಲಿ ಮಾತ್ರ ಎಚ್ಚರ ಇರಲಿ. ಲೇಬಲ್ ಇಲ್ಲದ ಪುಡಿ, ಭಸ್ಮವನ್ನು ಯಾರು ಕೊಟ್ಟರೂ ನುಂಗಬೇಡಿ. ಆನ್‌ಲೈನ್‌ನಲ್ಲಿ ಕೊಂಡ 193 ಆಯುರ್ವೇದ ಉತ್ಪನ್ನ ಪರೀಕ್ಷಿಸಿ 2008ರಲ್ಲಿ ಅಮೆರಿಕದಲ್ಲಿ ಒಂದು ವರದಿ ಬಂತು. ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ನಮ್ಮ ವೈದ್ಯದ ಮೇಲೆ ನನಗೆ ಪ್ರೀತಿ ಇರುವುದರಿಂದಲೇ ಇದನ್ನು ಹೇಳುತ್ತಿದ್ದೇನೆ.

ಬೀದರ್ ಹುಡುಗ · ಜನವರಿ 15, ರಾತ್ರಿ 9:30

ಹಿಜಾಮಾ, ಅಂದರೆ ಮೈಗೆ ಬಟ್ಟಲು ಕಚ್ಚಿಸುವ ಚಿಕಿತ್ಸೆ, ಅದರ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಮಾಡಿಸುತ್ತಾರೆ. ಬೆಂಗಳೂರಿನ ರಾಷ್ಟ್ರೀಯ ಯುನಾನಿ ಸಂಸ್ಥೆಯಲ್ಲೂ ಮಾಡುತ್ತಾರೆ. ಅಪ್ಪನಿಗೆ ಹೆಗಲ ಮೇಲೆ ಒಣ ಬಟ್ಟಲು ಇಡಿಸಿದರೆ ಎರಡು ಮೂರು ವಾರ ಹಗುರ ಇರುತ್ತದೆ. ರಕ್ತ ತೆಗೆಯುವ ಬಗೆಯನ್ನು ಮನೆಯಲ್ಲಿ, ಜಾತ್ರೆಯಲ್ಲಿ ಮಾಡಿಸಬೇಡಿ. ಬ್ಲೇಡು, ಬಟ್ಟಲು ಶುದ್ಧ ಇರದಿದ್ದರೆ ಕಾಮಾಲೆ ಅಂಟುತ್ತದೆ. ರಕ್ತಹೀನತೆ ಇರುವವರಿಗೂ ಬೇಡ.

ಹೊಸಬಳು 22 · ಜನವರಿ 17, ಮಧ್ಯಾಹ್ನ 12:10

ಮಧ್ಯೆ ಕೇಳುತ್ತಿರುವುದಕ್ಕೆ ಕ್ಷಮಿಸಿ. ಅಕ್ಕನಿಗೆ ಹೆರಿಗೆಯಾಗಿ 12 ದಿನ. ಮೂರು ದಿನದಿಂದ ತಲೆನೋವು ಏರುತ್ತಾ ಇದೆ. ಮಲಗಿದರೂ ಹೋಗುವುದಿಲ್ಲ. ಇವತ್ತು ಬೆಳಿಗ್ಗೆ ಕಣ್ಣು ಮಂಜು ಅಂದಳು. ಶೀತ ಹಿಡಿದಿದೆ, ಬಾಣಂತಿ ತಲೆಗೆ ಗಾಳಿ ತಾಗಿದೆ ಅಂತ ಅಮ್ಮ ಬಿಸಿನೀರು ಹಾಕಿ, ಕಿವಿಗೆ ಹತ್ತಿ ಇಟ್ಟು ತಲೆ ಕಟ್ಟಿದ್ದಾರೆ. ನೀರು ಜಾಸ್ತಿ ಕೊಡಬಾರದು ಅಂತ ಕೊಡುತ್ತಿಲ್ಲ. ಯಾವ ಎಣ್ಣೆ ಹಚ್ಚಿದರೆ ಒಳ್ಳೆಯದು?

ರಾತ್ರಿಪಾಳಿ · ಜನವರಿ 17, ಮಧ್ಯಾಹ್ನ 12:16

ಎಣ್ಣೆ ಬೇಡ ತಂಗಿ. ಈಗಲೇ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸಂಜೆವರೆಗೆ ಕಾಯಬೇಡಿ. ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ. ಹೆರಿಗೆಯಾಗಿ 12 ದಿನ, ಮೂರು ದಿನದಿಂದ ಏರುತ್ತಿರುವ ತಲೆನೋವು, ಕಣ್ಣು ಮಂಜು. ಈ ಮೂರನ್ನೂ ಹೋದ ತಕ್ಷಣ ಹೇಳಿ. ಬಿಪಿ ನೋಡಬೇಕು. ಮೆದುಳಿನ ರಕ್ತನಾಳದ ಸ್ಕ್ಯಾನ್ ಬೇಕಾಗಬಹುದು. ಅಮ್ಮನಿಗೆ ಬೈಯಬೇಡಿ. ಅವರಿಗೆ ಗೊತ್ತಿರುವುದನ್ನು ಅವರು ಪ್ರೀತಿಯಿಂದ ಮಾಡಿದ್ದಾರೆ.

ಎಲ್ಲರಿಗೂ ಹೇಳುತ್ತೇನೆ. ಹೆರಿಗೆಯ ಮೇಲೆ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ನೀರು ಕಡಿಮೆಯಾದರೆ ಇನ್ನೂ ಜಾಸ್ತಿ. ಮೆದುಳಿನಿಂದ ರಕ್ತ ವಾಪಸ್ ತರುವ ನಾಳದಲ್ಲಿ ಹೆಪ್ಪು ಕೂತರೆ ಮೊದಲು ಕಾಣುವುದು ತಲೆನೋವೇ. ಬಾಣಂತಿಗೆ ನೀರು ಕೊಡಿ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸಿಸೇರಿಯನ್ ಆದವರಿಗೆ ಬೇರೆ ಒಂದು ತಲೆನೋವು ಬರುತ್ತದೆ. ಎದ್ದು ಕೂತರೆ ಜಾಸ್ತಿ, ಮಲಗಿದರೆ ಕಡಿಮೆ. ಅದನ್ನೂ ಡಾಕ್ಟರಿಗೆ ತೋರಿಸಬೇಕು.

ಕೈಚಿಕಿತ್ಸೆ ಮುಟ್ಟಲೇಬಾರದ ತಲೆನೋವುಗಳು ಇನ್ನೂ ಇವೆ. ಸಿಡಿಲು ಹೊಡೆದ ಹಾಗೆ ಒಂದು ನಿಮಿಷದಲ್ಲಿ ತುದಿ ಮುಟ್ಟುವ ನೋವು. ಜ್ವರದ ಜೊತೆ ಕತ್ತು ಬಗ್ಗದಿರುವುದು. ಕೈಕಾಲು ಸೋಲುವುದು, ಮಾತು ತೊದಲುವುದು. ತಲೆಗೆ ಪೆಟ್ಟಾದ ಮೇಲಿನ ನೋವು. 50 ದಾಟಿದ ಮೇಲೆ ಹೊಸದಾಗಿ ಶುರುವಾದದ್ದು, ಅದರಲ್ಲೂ ಬಾಚಣಿಗೆ ತಾಗಿದರೆ ನೋವು, ಅಗಿದರೆ ದವಡೆ ನೋವು ಇದ್ದರೆ ಕಣ್ಣು ಹೋಗುವ ಮೊದಲೇ ತೋರಿಸಬೇಕು.

ಹೊಸಬಳು 22 · ಜನವರಿ 19, ರಾತ್ರಿ 10:50

ಸಿಸ್ಟರ್, ನೀವು ಹೇಳಿದ ಹಾಗೇ ಆಯಿತು. ಮೆದುಳಿನ ನಾಳದಲ್ಲಿ ಹೆಪ್ಪು ಇತ್ತು. ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಹೆಪಾರಿನ್ ಕೊಡುತ್ತಿದ್ದಾರೆ. ಇವತ್ತು ಅಕ್ಕ ಪಾಪುವನ್ನು ಎತ್ತಿಕೊಂಡಳು. ಕಣ್ಣು ಸರಿಯಾಗುತ್ತಿದೆ. ಅಮ್ಮ ನಿಮಗೆ ಒಂದು ಸಲ ಫೋನ್ ಮಾಡಬೇಕು ಅನ್ನುತ್ತಾರೆ.

ರಾತ್ರಿಪಾಳಿ · ಜನವರಿ 20, ಬೆಳಿಗ್ಗೆ 6:55

ಪಾಪು ಚೆನ್ನಾಗಿರಲಿ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ತುಂಗಾತೀರ · ಮಾರ್ಚ್ 9, ರಾತ್ರಿ 9:05

ಎರಡು ತಿಂಗಳಾಗುತ್ತಾ ಬಂತು. ಹೇಳದೆ ಇರಬಾರದು ಅಂತ ಬರೆಯುತ್ತಿದ್ದೇನೆ.

ಡಾಕ್ಟರ ಹತ್ತಿರ ಮತ್ತೆ ಹೋದೆ. ಕ್ಯಾಲೆಂಡರ್ ತೋರಿಸಿದೆ. ಬೇರೆ ತಡೆ ಮಾತ್ರೆ ಸಣ್ಣ ಡೋಸ್‌ನಲ್ಲಿ ಶುರುವಾಗಿದೆ. ನೋವಿನ ಮಾತ್ರೆ ಕಡಿಮೆ ಮಾಡಿದ ಮೊದಲ ಹತ್ತು ದಿನ ನರಕ. ಇದು ಆಗುತ್ತದೆ ಅಂತ ಅವರು ಮೊದಲೇ ಹೇಳಿದ್ದರಿಂದ ತಡೆದುಕೊಂಡೆ. ಫಿಸಿಯೊ ಸರ್ ಹೇಳಿದ ಗದ್ದದ ವ್ಯಾಯಾಮ ಸ್ಟಾಫ್ ರೂಮಿನಲ್ಲೇ ಮಾಡುತ್ತೇನೆ. ಇನ್ನಿಬ್ಬರು ಟೀಚರುಗಳೂ ಸೇರಿದ್ದಾರೆ. ರಾತ್ರಿ ಟೆನಿಸ್ ಚೆಂಡು.

ನೋವು ಬಂದಾಗ ನನಗೆ ಹಿಡಿಸಿದ್ದು ಕಾಲಿಗೆ ಬಿಸಿನೀರು, ತಲೆಗೆ ತಣ್ಣನೆ ಬಟ್ಟೆ. ಪ್ರಕೃತಿ ಚಿಕಿತ್ಸೆ ಕಲಿತ ಗೆಳತಿ ಹೇಳಿಕೊಟ್ಟಳು. ಬೆಂಗಳೂರಿನಲ್ಲಿ 40 ಮೈಗ್ರೇನ್ ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದ್ದಾರಂತೆ. ಔಷಧಿ ಜೊತೆಗೆ ಕೈಕಾಲಿಗೆ ಬಿಸಿನೀರು, ತಲೆಗೆ ಐಸ್, ದಿನಕ್ಕೆ 20 ನಿಮಿಷ, 45 ದಿನ. ಬರೀ ಔಷಧಿಯವರಿಗಿಂತ ಇವರಿಗೆ ನೋವು ಕಡಿಮೆಯಾಯಿತು. ನಾನು ಆಕಳಿಕೆ ಶುರುವಾದ ಕೂಡಲೇ ಒಂದು ಲೋಟ ನೀರು ಕುಡಿದು, ಬಕೆಟ್‌ನಲ್ಲಿ ಮೀನಖಂಡದವರೆಗೆ ಕಾಲಿಟ್ಟು ಕೂರುತ್ತೇನೆ. ಕತ್ತಿನ ಎರಡೂ ಪಕ್ಕ ಬಟ್ಟೆಯಲ್ಲಿ ಸುತ್ತಿದ ಐಸ್. ಡಾಕ್ಟರ್ ಹೇಳಿದ ಮಾತ್ರೆಯನ್ನೂ ಆಗಲೇ ನುಂಗುತ್ತೇನೆ. ಬಕೆಟ್ ತುಂಬಿಸುವುದು ಈಗ ಮಗಳ ಕೆಲಸ. ಹಿತ ಬರೀ ನೀರಿನಿಂದ ಅಂತ ನನಗೆ ಅನಿಸುವುದಿಲ್ಲ.

ಶಿರೋಧಾರೆಗೆ ಹೋಗಿಲ್ಲ. ಬೇಸಿಗೆ ರಜೆಯಲ್ಲಿ ನೋಡೋಣ. ಫೆಬ್ರವರಿಯಲ್ಲಿ ಕೆಂಪು ಸುತ್ತು 5. ಮಾತ್ರೆ ದಿನ 6.

ಒಂದು ಪ್ರಶ್ನೆ ಉಳಿದಿದೆ. ಆ 5ರಲ್ಲಿ 3 ಶುಕ್ರವಾರ. ಎಣ್ಣೆ ಹಚ್ಚಿ ತಲೆಸ್ನಾನ ಮಾಡುವ ದಿನ. ಎಣ್ಣೆಯಿಂದಲೇ ಬರುತ್ತಿದೆಯಾ?

ಉಡುಪಿ ವೈದ್ಯೆ · ಮಾರ್ಚ್ 9, ರಾತ್ರಿ 10:20

ಎಣ್ಣೆಗಿಂತ ಒದ್ದೆ ಕೂದಲ ಮೇಲೆ ನನಗೆ ಅನುಮಾನ. ಮುಂಬೈಯ ತಲೆನೋವು ತಜ್ಞ ಡಾ. ಕೆ. ರವಿಶಂಕರ್ ಅವರು ತಲೆಸ್ನಾನದಿಂದ ಮೈಗ್ರೇನ್ ಬರುವ 94 ರೋಗಿಗಳ ಬಗ್ಗೆ 2006ರಲ್ಲೇ ಬರೆದಿದ್ದಾರೆ. ಬೇರೆ ದೇಶಗಳಲ್ಲಿ ಇದು ಅಷ್ಟಾಗಿ ಕಾಣದು. ನಮ್ಮಲ್ಲಿ ಉದ್ದ ಕೂದಲು, ಒದ್ದೆಯಲ್ಲೇ ಗಂಟು ಕಟ್ಟಿ ಕೆಲಸಕ್ಕೆ ಓಡುವುದು.

ಶುಕ್ರವಾರ ಬೇರೆ ಏನಾಗುತ್ತದೆ ಅಂತಲೂ ನೋಡಿ. ಪೂಜೆ ಮುಗಿಯುವವರೆಗೆ ತಿಂಡಿ ಇಲ್ಲದೆ ಇರುತ್ತೀರಾ? ಊದಿನಕಡ್ಡಿ ಹೊಗೆ ಇದೆಯಾ? ಹಸಿವು ಮೈಗ್ರೇನ್‌ಗೆ ದೊಡ್ಡ ಕಾರಣ. ಎರಡು ವಾರ ತಲೆಸ್ನಾನವನ್ನು ಶನಿವಾರ ಸಂಜೆಗೆ ಹಾಕಿ. ಕೂದಲು ಪೂರ್ತಿ ಒಣಗಿಸಿ ಕಟ್ಟಿ. ಶುಕ್ರವಾರ ಪೂಜೆಗೆ ಮೊದಲು ಒಂದು ಲೋಟ ಹಾಲು, ಎರಡು ಬಾಳೆಹಣ್ಣು.

ತುಂಗಾತೀರ · ಮಾರ್ಚ್ 9, ರಾತ್ರಿ 10:41

ಹತ್ತೂವರೆವರೆಗೆ ಏನೂ ತಿನ್ನುವುದಿಲ್ಲ ಮೇಡಂ. ಮದುವೆಯಾದಾಗಿನಿಂದ ಹಾಗೇ. ಅತ್ತೆಗೆ ನಿಮ್ಮ ಉತ್ತರ ಓದಿ ಹೇಳಿದೆ. "ದೇವರೇನು ಬೇಡ ಅನ್ನುತ್ತಾನಾ, ಹಾಲು ಕುಡಿದೇ ಮಾಡು" ಅಂದರು. ಈ ಶುಕ್ರವಾರದಿಂದ ಶುರು. ತಿಂಗಳ ಕೊನೆಗೆ ಸುತ್ತು ಎಣಿಸಿ ಬರೆಯುತ್ತೇನೆ.